ಸೈರು, ತಮಾಷೆ ಮತ್ತು ದುರ್ಗದ ಭಾನುವಾರ

ಬೆಂಗಳೂರಿನವರ ಭಾನುವಾರಕ್ಕೂ ಒಂದು ಚರಿತ್ರೆಯಿದೆ. ಲಾಲ್‌ಬಾಗಿನ ಹುಲ್ಲುಹಾಸು, ಕಬ್ಬನ್ ಪಾರ್ಕಿನ ಮರದ ನೆರಳು, ಮೆಜೆಸ್ಟಿಕ್ಕಿನಲ್ಲೊಂದು ಮ್ಯಾಟಿನಿ, ಒಂದು ಪೊಟ್ಟಣ ಕಡಲೆಕಾಯಿ. ಇಷ್ಟರಲ್ಲೇ ಇಡೀ ಸಂಸಾರದ ರಜೆ ಮುಗಿಯುತ್ತಿದ್ದ ಕಾಲವೊಂದಿತ್ತು. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆದಾಗ ಆ ರಜೆ ತಣ್ಣನೆಯ ಗಾಜಿನ ಕಟ್ಟಡದ ಒಳಕ್ಕೆ ಹೋಯಿತು. 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಬಂದಾಗ ಊರಿನ ಹೊರಕ್ಕೆ ಹೊರಟಿತು. ಅದೇ ದಶಕದಲ್ಲಿ ಪುಣೆಯ ಕಡೆ ಹೋಗುವ ಹೆದ್ದಾರಿ ಅಗಲವಾಯಿತು. ವಾರಕ್ಕೆ ಐದೇ ದಿನ ಕೆಲಸವಿರುವ ಕಂಪನಿಗಳ ಹುಡುಗ ಹುಡುಗಿಯರ ಕೈಗೆ ಕಾರು ಬಂತು, ‘ವೀಕೆಂಡ್’ ಎಂಬ ಪದ ಕನ್ನಡದ್ದೇ ಪದವಾಯಿತು. ಶನಿವಾರ ಬೆಳಗಿನ ಜಾವ ಹೊರಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಸಿರಾ ಹಿರಿಯೂರು ದಾಟಿ, ಹೊತ್ತು ನೆತ್ತಿಗೇರುವ ಮೊದಲೇ ಏಳು ಸುತ್ತಿನ ಕೋಟೆಯ ಬಾಗಿಲಲ್ಲಿ ಇಳಿಯುವವರ ಸಾಲು ಹೀಗೆ ಶುರುವಾಯಿತು. ಬೆಂಗಳೂರಿಗೂ ಚಿತ್ರದುರ್ಗಕ್ಕೂ ನಡುವಿನ ಇನ್ನೂರು ಕಿಲೋಮೀಟರು ಈಗ ಒಂದು ದಿನದ ಮೋಜಿನ ಅಳತೆ.

ಇದರಲ್ಲಿ ದೂರುವಂಥದ್ದೇನೂ ಇಲ್ಲ. ವಾರವಿಡೀ ಕಂಪ್ಯೂಟರಿನ ಮುಂದೆ, ಟ್ರಾಫಿಕ್ಕಿನ ನಡುವೆ ಬೆಂದವರು ಬಂಡೆಯ ಮೇಲೆ ಕೂತು ಒಂದಿಷ್ಟು ಗಾಳಿ ಕುಡಿಯಲಿ. ಅವರಿಂದ ಸೌತೆಕಾಯಿ ಮಾರುವವಳಿಗೆ, ಎಳನೀರಿನವನಿಗೆ, ಆಟೋದವನಿಗೆ, ಖಾನಾವಳಿಗೆ ನಾಲ್ಕು ಕಾಸು ಸಿಗುತ್ತದೆ. ಪ್ರಶ್ನೆಯಿರುವುದು ಬೇರೆ ಕಡೆ. ಅವರು ಕೋಟೆಯಿಂದ ಇಳಿಯುವಾಗ ಫೋಟೋಗಳ ಜೊತೆಗೆ ಒಂದು ಕಥೆಯನ್ನೂ ಕೊಂಡೊಯ್ಯುತ್ತಾರೆ. ಆ ಕಥೆ ಎಷ್ಟು ಹೊತ್ತಿನದು, ಯಾರು ಹೇಳಿದ್ದು, ಅದರಲ್ಲಿ ಯಾರಿಗೆ ಯಾವ ಪಾತ್ರ ಎಂಬುದನ್ನು ಯಾರೂ ಕೇಳುವುದಿಲ್ಲ. ಲಘು ಮನರಂಜನೆ ಎಂದು ನಾವು ಕೈಬಿಟ್ಟ ವಿಷಯವೇ ದೊಡ್ಡ ಜನಸಮೂಹಕ್ಕೆ ಇತಿಹಾಸದ ಏಕೈಕ ಪಾಠವಾಗುತ್ತಿದೆ ಎಂಬುದು ಈ ಬರಹದ ಕಾಳಜಿ.

ಉರ್ದುವಿನಲ್ಲಿ ವಿಹಾರಕ್ಕೆ ‘ಸೈರ್’ ಎನ್ನುತ್ತಾರೆ. ಅರಬಿಯಿಂದ ಬಂದ ಪದ. ಭೂಮಿಯ ಮೇಲೆ ಸಂಚರಿಸಿ ಹಿಂದಿನವರ ಗತಿ ಏನಾಯಿತೆಂದು ನೋಡಿರಿ ಎಂಬ ಮಾತು ಕುರ್‌ಆನಿನಲ್ಲಿ ಹಲವೆಡೆ ಬರುತ್ತದೆ. ಅಲ್ಲಿ ಬಳಕೆಯಾಗಿರುವ ಕ್ರಿಯಾಪದದ ಬೇರೂ ಈ ಸೈರ್‌ನ ಬೇರೂ ಒಂದೇ. ಪಾಳುಬಿದ್ದ ಅರಮನೆಯ ಮುಂದೆ ನಿಂತು ಪಡೆಯಬೇಕಾದ ಪಾಠಕ್ಕೆ ‘ಇಬ್ರತ್’ ಎಂದು ಹೆಸರು. ಇನ್ನೊಂದು ಪದ ‘ತಮಾಷಾ’. ಮೂಲದಲ್ಲಿ ಅದಕ್ಕೆ ಜೊತೆಜೊತೆಯಾಗಿ ನಡೆಯುವುದು ಎಂದು ಅರ್ಥ. ಪಾರಸಿಗೆ ಬಂದು ನಡೆಯುತ್ತಾ ನೋಡುವುದು ಎಂದಾಯಿತು, ಆಮೇಲೆ ನೋಡತಕ್ಕ ಆಟ ಎಂದಾಯಿತು, ನಮ್ಮ ಕನ್ನಡಕ್ಕೆ ಬರುವ ಹೊತ್ತಿಗೆ ‘ತಮಾಷೆ’ ಎಂಬ ನಗೆಯ ಮಾತಾಯಿತು. ಜೊತೆಗೆ ನಡೆಯುವುದರಿಂದ ಹೊರಟ ಪದ ದೂರ ನಿಂತು ನೋಡಿ ನಗುವುದರಲ್ಲಿ ಕೊನೆಗೊಂಡಿದೆ. ದುರ್ಗದ ಭಾನುವಾರಗಳಿಗೂ ಸಂಭವಿಸುತ್ತಿರುವುದು ಇದೇ.

ಬೆಂಗಳೂರಿನ ರಜೆಯ ನಕ್ಷೆಯನ್ನೊಮ್ಮೆ ಬಿಡಿಸಿ ನೋಡಿ. ಲಾಲ್‌ಬಾಗನ್ನು 1760ರಲ್ಲಿ ಶುರುಮಾಡಿಸಿದವನು ಹೈದರಲಿ, ಬೆಳೆಸಿದವನು ಟಿಪ್ಪು. ಸಿಟಿ ಮಾರ್ಕೆಟ್ಟಿನ ಪಕ್ಕದ ಮರದ ಕಂಬಗಳ ಬೇಸಿಗೆ ಅರಮನೆ 1791ರಲ್ಲಿ ಟಿಪ್ಪು ಮುಗಿಸಿದ್ದು. ನಂದಿಬೆಟ್ಟಕ್ಕೆ ಹೋದರೆ ಅಲ್ಲಿಯೂ ಅವರ ಕೋಟೆಗೋಡೆ. ಮೈಸೂರು ರಸ್ತೆ ಹಿಡಿದರೆ ಶ್ರೀರಂಗಪಟ್ಟಣ, ದರಿಯಾ ದೌಲತ್, ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಉತ್ತರಕ್ಕೆ ಬಂದರೆ ಚಿತ್ರದುರ್ಗ, 1779ರಲ್ಲಿ ಹೈದರಲಿ ಗೆದ್ದ ಕೋಟೆ. ಹದಿನೆಂಟನೆಯ ಶತಮಾನದ ಒಂದೇ ಕಥೆಯ ಬೇರೆಬೇರೆ ಅಧ್ಯಾಯಗಳ ಮೇಲೆ ಬೆಂಗಳೂರಿನ ವಾರಾಂತ್ಯ ಓಡಾಡುತ್ತದೆ. ಆದರೆ ಯಾವ ಅಧ್ಯಾಯವನ್ನೂ ಇನ್ನೊಂದರ ಜೊತೆ ಇಟ್ಟು ಓದುವುದಿಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಹೈದರಲಿ ಒಂದು ಫಲಕದ ಮೇಲಿನ ಹೆಸರು. ದುರ್ಗದಲ್ಲಿ ಅವನು ಕಿಂಡಿಯಿಂದ ನುಗ್ಗಲು ಬಂದ ಕಳ್ಳ. ತೋಟ ಹಾಕಿಸಿದವನೂ ಕೋಟೆ ಮುತ್ತಿದವನೂ ಒಬ್ಬನೇ ಎಂಬುದು ಒಂದು ಕ್ಷಣ ಹೊಳೆದರೂ ಸಾಕು, ಮನುಷ್ಯ ಎಷ್ಟು ತೊಡಕಿನ ಪ್ರಾಣಿ ಎಂಬ ಅರಿವಾಗುತ್ತದೆ. ಆ ಕ್ಷಣಕ್ಕೆ ನಮ್ಮ ವಾರಾಂತ್ಯದಲ್ಲಿ ಬಿಡುವಿಲ್ಲ.

ದಾರಿಯಲ್ಲಿ ಸಿರಾ ಬರುತ್ತದೆ. ಮೊಗಲರ ಕಾಲದಲ್ಲಿ ಅದು ಒಂದು ಸುಬಾದ ಕೇಂದ್ರ. ಅಲ್ಲಿ ಮಲಿಕ್ ರಿಹಾನರ ದರ್ಗಾ ಇದೆ, 1696ರ ಜುಮ್ಮಾ ಮಸೀದಿ ಇದೆ. ಹೈದರಲಿಗೆ ಲಾಲ್‌ಬಾಗ್ ಹಾಕಿಸಲು ಮಾದರಿಯಾದದ್ದು ಸಿರಾದ ಮೊಗಲ್ ತೋಟಗಳು. ಬೆಂಗಳೂರಿನ ಕಾರುಗಳು ತಮ್ಮ ಲಾಲ್‌ಬಾಗಿನ ತವರುಮನೆಯನ್ನು ನೂರರ ವೇಗದಲ್ಲಿ ದಾಟಿಹೋಗುತ್ತವೆ. ಅದೇ ಸಿರಾದಿಂದ 12,000 ಕುಟುಂಬಗಳನ್ನು ಟಿಪ್ಪು ಬಲವಂತವಾಗಿ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದನೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಈ ಸಂಗತಿಗೆ ಮತ್ತೆ ಬರೋಣ.

ಈಗ ಕೋಟೆಯ ಕಥೆ. ಇಲ್ಲಿಗೆ ಬರುವ ಬಹುಪಾಲು ಜನರ ಕಣ್ಣಲ್ಲಿ ಕೋಟೆಗಿಂತ ಮೊದಲೇ ಒಂದು ಸಿನಿಮಾ ಇರುತ್ತದೆ. 1972ರ ‘ನಾಗರಹಾವು’. ತರಾಸು ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು ಮಾಡಿದ ಚಿತ್ರ. ವಿಷ್ಣುವರ್ಧನರನ್ನು ನಾಯಕನನ್ನಾಗಿ, ಅಂಬರೀಷರನ್ನು ನಟನನ್ನಾಗಿ ಕೊಟ್ಟ ಚಿತ್ರ. ಅದರಲ್ಲಿ ಬರುವ ಓಬವ್ವನ ಹಾಡು ಪಿ.ಬಿ. ಶ್ರೀನಿವಾಸರ ಕಂಠ, ಜಯಂತಿಯವರ ಕಣ್ಣು, ವಿಜಯಭಾಸ್ಕರರ ಸಂಗೀತ ಎಲ್ಲ ಸೇರಿ ಒಂದು ಪುರಾಣವೇ ಆಗಿದೆ. ಕಾವಲುಗಾರನ ಹೆಂಡತಿ ನೀರಿಗೆಂದು ಬಂದವಳು ಕಿಂಡಿಯಲ್ಲಿ ಶತ್ರು ನುಸುಳುವುದನ್ನು ಕಂಡು ಒನಕೆ ಹಿಡಿಯುತ್ತಾಳೆ. ತಲೆ ಹಾಕಿದವರನ್ನೆಲ್ಲ ಒಬ್ಬೊಬ್ಬರಾಗಿ ಕೆಡಹುತ್ತಾಳೆ. ಈ ಹಾಡಿನ ಕೌಶಲದ ಬಗ್ಗೆ ಎರಡು ಮಾತಿಲ್ಲ. ಕೆಲವೇ ನಿಮಿಷದಲ್ಲಿ ಒಂದು ಇಡೀ ನಾಟಕ ಮುಗಿಯುತ್ತದೆ.

ಆದರೆ ಇಡೀ ಸಿನಿಮಾದಲ್ಲಿ ಮುಸಲ್ಮಾನ ಎಲ್ಲೆಲ್ಲಿ ಬರುತ್ತಾನೆ ಎಂದು ನೋಡಿ. ಒಮ್ಮೆ ಹೈದರಲಿಯ ಸೈನಿಕನಾಗಿ ಕಿಂಡಿಯಲ್ಲಿ ತಲೆ ಹಾಕುತ್ತಾನೆ. ಇನ್ನೊಮ್ಮೆ ಜಲೀಲನಾಗಿ ಬೀದಿಯಲ್ಲಿ ಅಲಮೇಲುವನ್ನು ಚುಡಾಯಿಸುತ್ತಾನೆ. ಇಬ್ಬರೂ ಪೆಟ್ಟು ತಿನ್ನಲೆಂದೇ ಬಂದವರು. ಪುಟ್ಟಣ್ಣ ಕೋಮುದ್ವೇಷ ಬಿತ್ತಲು ಹೊರಟಿದ್ದರು ಎಂದು ಹೇಳಿದರೆ ಅದು ಅನ್ಯಾಯ. ರಾಮಾಚಾರಿ ಮತ್ತು ಮಾರ್ಗರೆಟ್ಟರ ಪ್ರೀತಿಯ ಮೂಲಕ ಜಾತಿ ಧರ್ಮದ ಗೋಡೆಗಳನ್ನೇ ಆ ಚಿತ್ರ ಪ್ರಶ್ನಿಸುತ್ತದೆ. ಅಂಬರೀಷರ ಜಲೀಲನನ್ನು ಜನ ಪ್ರೀತಿಯಿಂದಲೇ ನೆನೆಯುತ್ತಾರೆ, ನಮ್ಮ ಮೊಹಲ್ಲಾಗಳಲ್ಲೂ ಅವನ ಅನುಕರಣೆ ಮಾಡದ ಹುಡುಗರಿರಲಿಲ್ಲ. ಮುಸಲ್ಮಾನರು ತಲೆಮಾರುಗಳಿಂದ ಬದುಕಿಕೊಂಡು ಬಂದಿರುವ ದುರ್ಗದಂಥ ಊರಿನ ಕಥೆ ಹೇಳುವಾಗ ಒಬ್ಬ ಮೇಷ್ಟ್ರು, ಒಬ್ಬ ಅಂಗಡಿಯವ, ಒಬ್ಬ ಗೆಳೆಯ ಆ ಸಮುದಾಯದಿಂದ ಯಾಕೆ ಹೊಳೆಯಲಿಲ್ಲ ಎಂಬುದಷ್ಟೇ ವಿಮರ್ಶೆ ಕೇಳಬೇಕಾದ ಪ್ರಶ್ನೆ. ಸಿನಿಮಾ ಬಂದು ಅರ್ಧ ಶತಮಾನ ದಾಟಿದ ಮೇಲೂ ಪ್ರವಾಸಿಯ ಕಲ್ಪನೆಯಲ್ಲಿ ದುರ್ಗದ ಸಾಬರಿಗಿರುವುದು ಅವೆರಡೇ ಪಾತ್ರ ಎಂಬುದು ಅದರ ಫಲ.

ಓಬವ್ವನ ಕಿಂಡಿಯ ಮುಂದೆ ಭಾನುವಾರ ನಿಂತರೆ ಇದು ಅರ್ಥವಾಗುತ್ತದೆ. ಗೈಡು ಸಿನಿಮಾದ ಹಾಡನ್ನೇ ಗದ್ಯದಲ್ಲಿ ಹೇಳುತ್ತಾನೆ. ಗುಂಪಿನ ಒಬ್ಬ ಹುಡುಗ ಕಿಂಡಿಯಲ್ಲಿ ತೂರಿ ತಲೆ ಹಾಕುತ್ತಾನೆ, ಒಬ್ಬ ಹುಡುಗಿ ನೀರಿನ ಬಾಟಲಿಯನ್ನು ಒನಕೆಯಂತೆ ಎತ್ತುತ್ತಾಳೆ, ಮೊಬೈಲು ಕ್ಲಿಕ್ಕಿಸುತ್ತದೆ, ಎಲ್ಲರೂ ನಗುತ್ತಾರೆ. ಕೆಟ್ಟ ಮನಸ್ಸು ಅಲ್ಲಿ ಯಾರಿಗೂ ಇರುವುದಿಲ್ಲ. ಆ ಗುಂಪಿನಲ್ಲಿ ಇಮ್ರಾನ್ ಎಂಬೊಬ್ಬ ಸಹೋದ್ಯೋಗಿಯೋ, ಶಾಲೆಯ ಮಕ್ಕಳ ಸಾಲಾದರೆ ಸಲ್ಮಾ ಎಂಬೊಬ್ಬ ಹುಡುಗಿಯೋ ಇದ್ದರೆ, “ನಿಮ್ಮವರು ಬಂದ ದಾರಿ ಇದೇ ಅಲ್ವೇನೋ?” ಎಂಬ ಮಾತು ತೇಲಿಬರುತ್ತದೆ. ತಮಾಷೆಗೆ. ಇಮ್ರಾನ್ ತಾನೂ ನಗುತ್ತಾನೆ. ಸಲ್ಮಾ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾಳೆ. ಬೆಳಿಗ್ಗೆಯಿಂದ ಜೊತೆಯಲ್ಲೇ ನಡೆದು, ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ಬಂದವರು ಆ ಒಂದು ಗಳಿಗೆಯಲ್ಲಿ ಪ್ರವಾಸಿಗಳಾಗಿ ಉಳಿಯದೆ ಪ್ರದರ್ಶನದ ವಸ್ತುವಾಗುತ್ತಾರೆ. ಜೊತೆಯಾಗಿ ನಡೆಯುವುದು ನೋಡಿ ನಗುವುದಾಗುವ ಆ ಪದದ ಇಡೀ ಚರಿತ್ರೆ ಅರೆನಿಮಿಷದಲ್ಲಿ ಅಲ್ಲಿ ಮರುಕಳಿಸುತ್ತದೆ.

ಇದಕ್ಕೆ ಪರಿಹಾರ ಓಬವ್ವನ ಕಥೆಯನ್ನು ಮೆತ್ತಗೆ ಮಾಡುವುದಲ್ಲ. ಆ ಕಥೆ ದುರ್ಗದ್ದು, ನಮ್ಮೆಲ್ಲರದ್ದು. ನನ್ನ ತಕರಾರು ಏನೆಂದರೆ ವಾರಾಂತ್ಯದ ಕಥೆ ಓಬವ್ವನನ್ನೂ ಪೂರ್ತಿ ಹೇಳುವುದಿಲ್ಲ. ಆಕೆ ಚಲವಾದಿ ಸಮುದಾಯದ ಹೆಣ್ಣು, ಬುರುಜಿನ ಮೇಲೆ ನಿಂತು ಕಹಳೆ ಊದುವವನ ಹೆಂಡತಿ. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸಲು ಮನಸ್ಸು ಬಾರದೆ ಮನೆಯ ಒನಕೆಯನ್ನೇ ಎತ್ತಿಕೊಂಡವಳು ಎಂದು ಜನರ ನೆನಪು ಹೇಳುತ್ತದೆ. ರಾಜನ ಅರಮನೆಯಲ್ಲಿ, ಮಂತ್ರಿಯ ಕಚೇರಿಯಲ್ಲಿ ಹೆಸರಿಲ್ಲದ ಒಬ್ಬಳು ತನ್ನದಲ್ಲದ ಸಿಂಹಾಸನಕ್ಕಾಗಿ ಪ್ರಾಣ ಕೊಟ್ಟಳು. 2021ರಲ್ಲಿ ಸರ್ಕಾರ ನವೆಂಬರ್ 11ನ್ನು ಒನಕೆ ಓಬವ್ವ ಜಯಂತಿಯೆಂದು ಘೋಷಿಸಿತು, ಒಳ್ಳೆಯದಾಯಿತು. ಕಿಂಡಿಯ ಮುಂದೆ ಮಾತ್ರ ಆಕೆ ಯಾರನ್ನು ಕೊಂದಳು ಎಂಬುದು ಉಳಿದು, ಆಕೆ ಯಾರು ಎಂಬುದು ಅಳಿಸಿಹೋಗುತ್ತದೆ. ಒಂದು ದಲಿತ ಕುಟುಂಬದ ಕೆಚ್ಚಿನ ಕಥೆಯನ್ನು ಎರಡು ಧರ್ಮಗಳ ಕಾದಾಟಕ್ಕೆ ಇಳಿಸಿದಾಗ ನಷ್ಟ ಮುಸಲ್ಮಾನರಿಗಷ್ಟೇ ಆಗುವುದಿಲ್ಲ.

ಇನ್ನು ಮದಕರಿ ಮತ್ತು ಹೈದರಲಿ. 1754ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಮದಕರಿನಾಯಕ ವರ್ಷಗಟ್ಟಲೆ ಹೈದರಲಿಯ ದಂಡಯಾತ್ರೆಗಳಿಗೆ ನೆರವಾದವನು. ದುರ್ಗದ ಬೇಡರ ಪಡೆ ಹೈದರನ ಪರವಾಗಿ ಬೇರೆ ಕೋಟೆಗಳನ್ನು ಹತ್ತಿದೆ. ಮರಾಠರು, ನಿಜಾಮ, ಮೈಸೂರು ಈ ಮೂರರ ನಡುವೆ ಸಿಕ್ಕ ಸಂಸ್ಥಾನ ಅದು. ಯಾರ ಕಡೆ ವಾಲಿದರೆ ಉಳಿಯಬಹುದೆಂಬ ಲೆಕ್ಕದಲ್ಲಿ ಒಮ್ಮೆ ತಪ್ಪಿತು, ಹೈದರಲಿ ಮೇಲೆ ಬಿದ್ದ. ಮದಕರಿಯ ಸೇವೆಯಲ್ಲಿ ಮುಸ್ಲಿಂ ಸರದಾರರಿದ್ದರು. ಅವರಲ್ಲಿ ಕೆಲವರ ದ್ರೋಹದಿಂದ ಕೋಟೆ ಬಿತ್ತೆಂದು ಬ್ರಿಟಿಷ್ ಕಾಲದ ಚರಿತ್ರೆಗಳು ಬರೆದಿವೆ. ಹೈದರ್ ಟಿಪ್ಪುಗಳ ವೈರಿಗಳ ಪಾಳಯದಲ್ಲಿ ಕೂತು ಬರೆದ ಮಾತನ್ನು ಜರಡಿ ಹಿಡಿದೇ ಓದಬೇಕು, ಆದರೆ ಅಡಗಿಸಿಡಬೇಕಿಲ್ಲ. ದ್ರೋಹವಾಯಿತು ಎಂದು ಬರೆಯಬೇಕಾದರೆ ಅದಕ್ಕೆ ಮೊದಲು ನಂಬಿಕೆಯೊಂದು ಇತ್ತು ಎಂದೇ ಅರ್ಥವಲ್ಲವೆ? ಕೋಟೆಯ ಒಳಗೂ ಮುಸಲ್ಮಾನರಿದ್ದರು, ನಾಯಕರ ಉಪ್ಪುಂಡು ಕಾವಲು ಕಾದಿದ್ದರು ಎಂಬ ಒಂದು ವಾಕ್ಯ ಗೈಡಿನ ಬಾಯಲ್ಲಿ ಬಂದರೆ ಕಿಂಡಿಯ ಮುಂದಿನ “ನಿಮ್ಮವರು” ಎಂಬ ಮಾತು ಅಷ್ಟು ಸಲೀಸಾಗಿ ಹೊರಡುವುದಿಲ್ಲ.

ನಮ್ಮವರಿಗೂ ಇಲ್ಲೊಂದು ಮಾತು ಹೇಳಬೇಕು. ಟಿಪ್ಪು ಜಯಂತಿಯ ಗಲಾಟೆಯ ವರ್ಷಗಳಲ್ಲಿ, 2015ರಿಂದ 2019ರವರೆಗೆ, ಒಂದು ಕಡೆಯವರು ಬೈಗುಳ ಮಾತ್ರ ಕೇಳಲು ಸಿದ್ಧರಿದ್ದರು, ಇನ್ನೊಂದು ಕಡೆಯವರು ಹೊಗಳಿಕೆ ಮಾತ್ರ. ಲಾಲ್‌ಬಾಗು, ರೇಷ್ಮೆ, ರಾಕೆಟ್ಟು ಎಂದು ಹೇಳಿ ಭಾಷಣ ಮುಗಿಸುವುದು ನಮ್ಮ ವೇದಿಕೆಗಳಿಗೆ ರೂಢಿಯಾಗಿದೆ. ದುರ್ಗ ಬಿದ್ದ ಮೇಲೆ ಹೈದರಲಿ ಇಲ್ಲಿಂದ 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಎಳೆದೊಯ್ದನೆಂದೂ ಅವರ ಹುಡುಗರನ್ನು ಮತಾಂತರಿಸಿ ಚೇಲಾ ಪಡೆ ಕಟ್ಟಿದನೆಂದೂ ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ಸಂಖ್ಯೆಯ ಬಗ್ಗೆ ವಾದ ಮಾಡಬಹುದು, ನೋವಿನ ಬಗ್ಗೆ ಮಾಡಲಾಗದು. ಮನೆಮಠ ಬಿಟ್ಟು, ಅದೇ ಹಿರಿಯೂರು ಸಿರಾ ದಾರಿಯ ಸುತ್ತಿನಲ್ಲೆಲ್ಲೋ ನಡೆದುಹೋದ ಬೇಡರ ತಾಯಂದಿರ ಸಂಕಟವನ್ನು ನೆನೆಯದೆ ಹೈದರಲಿಯ ತೋಟದ ನೆರಳಲ್ಲಿ ಹೆಮ್ಮೆಪಡುವುದು ಇಬ್ರತ್ ಅಲ್ಲ. ಮೇಲೆ ಹೇಳಿದ ಸಿರಾದ 12,000 ಕುಟುಂಬಗಳನ್ನೂ ಇದರ ಪಕ್ಕದಲ್ಲಿಡಿ. ಮಸೀದಿ ದರ್ಗಾಗಳ ಊರಾದ ಸಿರಾವನ್ನೂ ಆ ಆಳ್ವಿಕೆ ಬರಿದು ಮಾಡಿತು. ರಾಜಧಾನಿ ತುಂಬಿಸಲು ಜನ ಬೇಕಾದಾಗ ಅರಸು ಅವರ ಧರ್ಮ ಕೇಳಲಿಲ್ಲ. ರಾಜ್ಯಾಧಿಕಾರದ ಹಸಿವು ಹಾಗೆ. ಇವೆರಡನ್ನೂ ಒಟ್ಟಿಗೆ ಹೇಳಿದಾಗ ಹಿಂದೂಗಳಿಗೂ ಮುಸಲ್ಮಾನರಿಗೂ ಒಂದೇ ಪಾಠ ಸಿಗುತ್ತದೆ, ಬಿಡಿಬಿಡಿಯಾಗಿ ಹೇಳಿದಾಗ ಒಬ್ಬರ ಮೇಲೊಬ್ಬರಿಗೆ ಸಿಟ್ಟು ಸಿಗುತ್ತದೆ.

ಇಷ್ಟೊಂದು ಸಿಕ್ಕುಗಳಿರುವ ಕಥೆಯನ್ನು ಸಾಮಾನ್ಯ ಜನರಿಗೆ ಹೇಳುವುದು ಹೇಗೆ ಎಂದು ಕೇಳುವವರಿಗೆ ಉತ್ತರ ನಮ್ಮ ಮನೆಯಲ್ಲೇ ಇದೆ. ತರಾಸು ಅವರ ‘ದುರ್ಗಾಸ್ತಮಾನ’ 1982ರಲ್ಲಿ ಬಂತು, ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಿಕ್ಕಿತು. ಪಂಡಿತರಿಗಾಗಿ ಬರೆದ ಪುಸ್ತಕ ಅದಲ್ಲ, ಗ್ರಂಥಾಲಯಗಳಲ್ಲಿ ಹಾಳೆ ಸವೆಯುವಂತೆ ಜನ ಓದಿದ ಕಾದಂಬರಿ. ಮದಕರಿಯನ್ನು ಮನಸಾರೆ ಪ್ರೀತಿಸಿದ ಲೇಖಕ ಕೋಟೆ ಬೀಳಿಸುವ ಮೊದಲು ನೂರಾರು ಪುಟಗಳಷ್ಟು ಅರಮನೆಯ ಒಳಜಗಳ, ಸಂಶಯ, ಆಪ್ತರ ಅಗಲಿಕೆ, ನೆರೆಯ ಪಾಳೆಯಗಾರರ ಹಗೆ ಇವನ್ನೆಲ್ಲ ನಮ್ಮಿಂದ ಓದಿಸುತ್ತಾರೆ. ಒಂದು ರಾಜ್ಯ ಹೊರಗಿನ ಪೆಟ್ಟಿಗೆ ಬೀಳುವ ಮೊದಲು ಒಳಗೆ ಹೇಗೆ ಬಿರುಕು ಬಿಡುತ್ತದೆ ಎಂಬುದು ಆ ಪುಸ್ತಕದ ವಿಷಯ. ಅದೇ ಲೇಖಕರ ಕಥೆಯಿಂದ ಹುಟ್ಟಿದ ಸಿನಿಮಾದ ಒಂದು ಹಾಡು ಕೋಟೆಯನ್ನು ಆಳುತ್ತಿದೆ. ಅವರ ಮಹಾಕಾದಂಬರಿಗೆ ಕೋಟೆಯಲ್ಲಿ ಒಂದು ಮೂಲೆಯೂ ಸಿಕ್ಕಿಲ್ಲ. ಜನಪ್ರಿಯವಾದದ್ದೆಲ್ಲ ತೆಳುವಾಗಿರಲೇಬೇಕಿಲ್ಲ ಎಂಬುದಕ್ಕೆ ತರಾಸು ಸಾಕ್ಷಿ. ಜನಪ್ರಿಯವಾದುದರಲ್ಲೂ ತೆಳುವಾದದ್ದನ್ನೇ ನಾವು ಆರಿಸಿಕೊಳ್ಳುತ್ತೇವೆ ಎಂಬುದಕ್ಕೆ ನಮ್ಮ ಭಾನುವಾರಗಳು ಸಾಕ್ಷಿ.

ಗೈಡುಗಳನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಸಿಗುವುದು ಒಂದೂವರೆ ಗಂಟೆ, ಬಿಸಿಲಲ್ಲಿ ಕಾದ ಬಂಡೆ, ಊಟದ ಹೊತ್ತಿಗೆ ಹಿಂದಿರುಗಬೇಕೆಂದು ಗಡಿಯಾರ ನೋಡುವ ಗುಂಪು. ಮದ್ದು ಅರೆಯುವ ಬೀಸುಕಲ್ಲು, ಉಯ್ಯಾಲೆ ಕಂಬ, ಟಂಕಸಾಲೆ, ಅಕ್ಕತಂಗಿ ಹೊಂಡ, ಹಿಡಿಂಬೇಶ್ವರ ಎಲ್ಲವನ್ನೂ ಆ ಹೊತ್ತಿನಲ್ಲೇ ತೋರಿಸಬೇಕು. ನಕ್ಕರೆ ಭಕ್ಷೀಸು, ಆಕಳಿಸಿದರೆ ಇಲ್ಲ. ಪ್ರವಾಸಿ ಕೇಳಲು ಬಯಸಿದ್ದನ್ನೇ ಅವರು ಹೇಳುತ್ತಾರೆ. ಬಯಕೆ ಬದಲಾಗದೆ ಕಥೆ ಬದಲಾಗುವುದಿಲ್ಲ. ಕೋಟೆಯ ಪಕ್ಕದ ಚಂದ್ರವಳ್ಳಿಯನ್ನೇ ನೋಡಿ. ಕದಂಬರ ಮಯೂರಶರ್ಮನ ಶಾಸನವಿರುವ ಜಾಗ, ರೋಮನ್ ನಾಣ್ಯಗಳು ಸಿಕ್ಕ ನೆಲ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದ ಮಣ್ಣು. ಎರಡು ಸಾವಿರ ವರ್ಷದ ಹಿಂದೆ ಈ ಊರು ಕಡಲಾಚೆಯವರೊಂದಿಗೆ ವ್ಯಾಪಾರದ ನಂಟು ಇಟ್ಟುಕೊಂಡಿತ್ತು ಎಂಬುದಕ್ಕಿಂತ ಸೋಜಿಗದ ಕಥೆ ಬೇಕೆ? ಅಲ್ಲಿ ಕೊಲ್ಲುವವರೂ ಇಲ್ಲ, ಸಾಯುವವರೂ ಇಲ್ಲ, ಹಾಗಾಗಿ ಬಹುಮಂದಿ ಕೆರೆಯ ಫೋಟೋ ತೆಗೆದುಕೊಂಡು ಹೊರಡುತ್ತಾರೆ.

ಮನರಂಜನೆ ಎಂದರೆ ಹೀಗೇ ಇರಬೇಕೆಂಬ ನಿಯಮವಿಲ್ಲ. ಇದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿವರ್ಷ ನಾಟಕೋತ್ಸವ ನಡೆಯುತ್ತದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಸ್ಥೆಯಿಂದ ಎದ್ದ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಸುತ್ತಲ ಹಳ್ಳಿಗಳ ಜನ, ಕೆಲಸ ಮುಗಿಸಿ ಕೈಕಾಲು ತೊಳೆದು ಬಂದವರು, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಂಭೀರ ನಾಟಕಗಳನ್ನು ಕೊನೆಯವರೆಗೂ ನೋಡುತ್ತಾರೆ. 1997ರಲ್ಲಿ ಹುಟ್ಟಿದ ಅಲ್ಲಿಯ ಶಿವಸಂಚಾರ ತಂಡ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡು ತಿರುಗುತ್ತದೆ. ಹೊಲದಲ್ಲಿ ದುಡಿದು ಬಂದವನು ಎರಡು ಗಂಟೆ ಕೂತು ಮನುಷ್ಯನ ಇಬ್ಬಂದಿಯನ್ನು ನೋಡಬಲ್ಲನಾದರೆ, ಪದವಿ ಪಡೆದ ನಗರದವನಿಗೆ ಅದು ಭಾರ ಎನ್ನುವುದು ನಗರಕ್ಕೆ ಮಾಡುವ ಅವಮಾನ.

ಇನ್ನೊಂದು ನೋಟವೂ ನೆನಪಾಗುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿತ್ತು. ಬೆಂಗಳೂರಿನಿಂದ ಕಾರುಗಳು ಬಂದವು. ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಟ್ರ್ಯಾಕ್ಟರುಗಳು ಬಂದವು. ಬುರ್ಖಾ ತೊಟ್ಟ ತಾಯಂದಿರು, ಸೆರಗು ಹೊದ್ದ ಅಜ್ಜಿಯರು, ಪ್ಯಾಂಟು ಮಡಚಿದ ಎಂಜಿನಿಯರುಗಳು ಒಂದೇ ದಂಡೆಯ ಮೇಲೆ ನಿಂತು ನೀರು ನೋಡಿದರು. ತಮ್ಮ ಅಪ್ಪಂದಿರೂ ಕಾಣದ ಕೋಡಿಯನ್ನು ಕಂಡ ಮುದುಕರು ನಗರದ ಹುಡುಗರಿಗೆ ಬರಗಾಲದ ಕಥೆ ಹೇಳಿದರು, ಅವರು ಕೇಳಿದರು. ಅಂದು ಯಾರೂ ಯಾರನ್ನೂ ನೋಡಿ ನಗಲಿಲ್ಲ. ತಮಾಷಾ ಎಂಬ ಪದದ ಹಳೆಯ ಅರ್ಥ ಬದುಕಿ ಬಂದಿತ್ತು.

ಕೋಟೆಯಲ್ಲೂ ಅದು ಸಾಧ್ಯ. ಪುರಾತತ್ವ ಇಲಾಖೆ, ಪ್ರವಾಸೋದ್ಯಮ ಇಲಾಖೆಗಳು ಮನಸ್ಸು ಮಾಡಿದರೆ ಗೈಡುಗಳಿಗೆ ವರ್ಷಕ್ಕೊಮ್ಮೆ ದುರ್ಗದ ಇತಿಹಾಸಜ್ಞರಿಂದ ನಾಲ್ಕು ದಿನದ ಪಾಠ ಹೇಳಿಸಬಹುದು. ಕಿಂಡಿಯ ಬಳಿ ಓಬವ್ವನ ಕುಲ, ಬದುಕು, ಮದಕರಿ ಹೈದರರ ಹಳೆಯ ನಂಟು, ಊರು ಬಿಟ್ಟುಹೋದವರ ಸಂಖ್ಯೆ ಇವನ್ನು ಕನ್ನಡದಲ್ಲಿ ಬರೆದ ಒಂದು ಫಲಕ ನಿಲ್ಲಿಸಬಹುದು. ಮೇಷ್ಟ್ರುಗಳು ಮಕ್ಕಳನ್ನು ಕರೆತರುವ ಹಿಂದಿನ ದಿನ ತರಾಸು ಅವರ ನಾಲ್ಕು ಪುಟ ಓದಿಸಬಹುದು. ಇದಾವುದಕ್ಕೂ ದೊಡ್ಡ ಖರ್ಚಿಲ್ಲ. ಇವೆಲ್ಲ ಆಗುವವರೆಗೆ ಬೆಂಗಳೂರಿನಿಂದ ಬರುವ ಗೆಳೆಯರಲ್ಲಿ ಒಂದೇ ಕೋರಿಕೆ. ಕಿಂಡಿಯ ಮುಂದೆ ಫೋಟೋ ಆದ ಮೇಲೆ ಹತ್ತು ನಿಮಿಷ ಹೆಚ್ಚು ನಿಲ್ಲಿ. ಗೈಡನ್ನು “ಆಮೇಲೆ ಏನಾಯ್ತಣ್ಣ? ಇಲ್ಲಿದ್ದ ಜನ ಎಲ್ಲಿಗೆ ಹೋದರು?” ಎಂದು ಕೇಳಿ. ನಿಮ್ಮ ಪಕ್ಕದಲ್ಲಿ ಇಮ್ರಾನ್ ಇದ್ದರೆ ಉತ್ತರವನ್ನು ಅವನೂ ನಿಮ್ಮಷ್ಟೇ ಕುತೂಹಲದಿಂದ ಕೇಳಿಸಿಕೊಳ್ಳುತ್ತಾನೆ.